ಓರೆಯಾಗಿ ಬಿದ್ದರೂ ದುಂಡನೆಯ ಕುಳಿ

ವಿಜ್ಞಾನ ವಸ್ತುಪ್ರದರ್ಶನದ ಉದ್ಘಾಟನೆಗೆ ಕರೆದಿದ್ದೀರಿ, ಸಂತೋಷ. ನಾನು ಚಂದ್ರನನ್ನು ನೋಡುತ್ತ ಬಂದವನು, ಅದರ ಮಾತನ್ನೇ ಆಡುತ್ತೇನೆ.

ನಾನು ಪಾಠ ಮಾಡುತ್ತಿದ್ದಾಗ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಕೇಳಿದಳು: "ಸಾರ್, ಕಲ್ಲು ಎಲ್ಲಾ ಕಡೆಯಿಂದಲೂ ಬಂದು ಬೀಳುತ್ತೆ ಅಂತೀರಿ. ಮತ್ತೆ ಚಂದ್ರನ ಕುಳಿಗಳು ದುಂಡಗೇ ಯಾಕಿವೆ?" ಪರಾತದಲ್ಲಿ ಮೈದಾ ಹರಡಿ, ಮೇಲೆ ತೆಳ್ಳಗೆ ರಾಗಿಹಿಟ್ಟು ಉದುರಿಸಿ, ಗೋಲಿ ಎಸೆಯಲು ಹೇಳಿದೆ. ನೇರ ಬಿಟ್ಟರೆ ದುಂಡು ಗುಂಡಿ. ಓರೆಯಾಗಿ ಎಸೆದರೆ ಉದ್ದನೆಯ ಗೀರು, ಬಿಳಿ ಹಿಟ್ಟೆಲ್ಲ ಮುಂದಕ್ಕೆ ಚೆಲ್ಲಿತ್ತು. "ಹಾಗಾದ್ರೆ ಪುಸ್ತಕದ್ದು ತಪ್ಪಾ?" ಎಂದಳು.

ಇದೇ ತೊಡಕು 1892ರಲ್ಲಿ ಅಮೆರಿಕದ ಭೂವಿಜ್ಞಾನಿ ಗ್ರೋವ್ ಕಾರ್ಲ್ ಗಿಲ್ಬರ್ಟ್ ಅವರನ್ನು ಕಾಡಿತ್ತು. ಕುಳಿಗಳು ಬಡಿತದಿಂದಾದವು ಎಂದು ಅವರಿಗೆ ಖಾತ್ರಿಯಿತ್ತು. ದುಂಡಗಾಗಲು ಕಲ್ಲು ನೆಟ್ಟಗೆ ಬೀಳಬೇಕಲ್ಲ ಎಂದುಕೊಂಡು, ಭೂಮಿಯ ಸುತ್ತ ಹಿಂದೊಮ್ಮೆ ಕಿರುಚಂದ್ರರ ಬಳೆಯಿತ್ತು ಎಂಬ ಊಹೆಯನ್ನೇ ಕಟ್ಟಿದರು. ಅವರ ಕೈಗೆ ಸಿಗದೆ ಹೋದದ್ದು ವೇಗದ ಲೆಕ್ಕ. ಬಾಹ್ಯಾಕಾಶದ ಬಂಡೆ ಚಂದ್ರನಿಗೆ ಬಡಿಯುವುದು ಸಾಮಾನ್ಯವಾಗಿ ಸೆಕೆಂಡಿಗೆ ಹತ್ತಿಪ್ಪತ್ತು ಕಿಲೋಮೀಟರ್ ವೇಗದಲ್ಲಿ. ನೆಲವನ್ನು ಗೀರಿಕೊಂಡು ಮುಂದೆ ಹೋಗುವಷ್ಟೂ ಪುರಸೊತ್ತಿಲ್ಲದೆ ಅದರ ಶಕ್ತಿಯೆಲ್ಲ ಒಂದೇ ತಾವಿನಲ್ಲಿ ಸಿಡಿಯುತ್ತದೆ. ಬಂಡೆಯ ಬಹುಪಾಲು ಕರಗಿ ಆವಿಯಾಗುತ್ತದೆ. ಅಲ್ಲಿಂದ ಎಲ್ಲ ದಿಕ್ಕಿಗೂ ಹಬ್ಬುವ ಆಘಾತ ತರಂಗವೇ ಗುಂಡಿ ತೋಡುತ್ತದೆ. ಅದಕ್ಕೇ ಕುಳಿ ಬಂಡೆಗಿಂತ ಎಷ್ಟೋ ಪಟ್ಟು ದೊಡ್ಡದು: ಅರಿಜೋನಾದಲ್ಲಿ ಸುಮಾರು 50 ಮೀಟರ್ ಅಗಲದ ಕಬ್ಬಿಣದ ಉಲ್ಕೆಯಿಂದ 1.2 ಕಿ.ಮೀ. ಅಗಲದ ಕುಳಿಯಾಗಿದೆ. ನೆಲ ಸವರಿಕೊಂಡು, ಸುಮಾರು 15 ಡಿಗ್ರಿಗಿಂತ ಕಡಿಮೆ ಕೋನದಲ್ಲಿ ಬಂದರಷ್ಟೇ ಕುಳಿ ಉದ್ದವಾಗುತ್ತದೆ.

ಪರಾತದ ಪ್ರಯೋಗ ಕೈಕೊಟ್ಟಿದ್ದರಿಂದಲೇ ಆ ಹುಡುಗಿ ವೇಗದವರೆಗೆ ಬಂದಳು. ಆದರೆ ಇಂಥ ಪ್ರದರ್ಶನಗಳಲ್ಲಿ ನಾನು ಹೆಚ್ಚಾಗಿ ಕಾಣುವುದು ಥರ್ಮೋಕೋಲ್ ಸೌರಮಂಡಲ, ಬಾಯಿಪಾಠದ ವಿವರಣೆ. ತೀರ್ಪುಗಾರರೇ, ಎಣಿಸಿದಂತೆ ಬಾರದ ಪ್ರಯೋಗಕ್ಕೂ ಅಂಕ ಕೊಡಿ. ಯಾಕೆ ಬರಲಿಲ್ಲ ಎಂದು ಮಗುವನ್ನೇ ಕೇಳಿ.

ಇನ್ನೊಂದು ಸಂಕಟವಿದೆ. ಒಂದು ಶಾಲೆಯಲ್ಲಿ ದೂರದರ್ಶಕವನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದ್ದರು. ಕೆಟ್ಟರೆ ಯಾರು ಹೊಣೆ ಎಂಬ ಭಯ. ತೆಗೆಸಿ ನೋಡಿದರೆ ಮಸೂರಕ್ಕೆ ಬೂಷ್ಟು ಹಿಡಿದಿತ್ತು. ಮುಖ್ಯೋಪಾಧ್ಯಾಯರೇ, ದಯವಿಟ್ಟು ಬೀಗ ತೆಗೆಯಿರಿ. ಶುಕ್ಲ ಷಷ್ಠಿಯ ಸಂಜೆ ಮಕ್ಕಳಿಗೆ ಮೆಸಿಯೆ ಎಂಬ ಉದ್ದನೆಯ ಕುಳಿ ತೋರಿಸಿ. ಅದರ ಪಕ್ಕದ ಕುಳಿಯಿಂದ ಪಶ್ಚಿಮಕ್ಕೆ ಎರಡು ಬಿಳಿ ಗೆರೆ ಹೊರಟಿವೆ. ಕಲ್ಲು ಯಾವ ಕಡೆಯಿಂದ ಬಂದಿತ್ತು ಎಂದು ಅವರೇ ಹೇಳಲಿ.

ಪ್ರದರ್ಶನ ಉದ್ಘಾಟನೆಯಾಗಿದೆ. ಮಕ್ಕಳು ಕಾಯುತ್ತಿದ್ದಾರೆ, ಮಳಿಗೆಗಳ ಕಡೆ ಹೋಗೋಣ.