ಅಂಕಕ್ಕೆ ಮುಂಚಿನ ತೀರ್ಪು



ಈ ಸಂಕಿರಣದ ಆಮಂತ್ರಣದಲ್ಲಿ ವಿಷಯ ಓದಿ ಕೆಲವರು ನಕ್ಕಿದ್ದು ನನ್ನ ಕಿವಿಗೂ ಬಿದ್ದಿದೆ. ಬಳ್ಳಾರಿ ಕಡೆಯ ದೇಶನೂರಿನಲ್ಲಿ, ಶಾಲಾ ಶಿಕ್ಷಕರ ಮುಂದೆ, ಫಿಗರ್ ಸ್ಕೇಟಿಂಗ್ ಬಗ್ಗೆ ಮಾತು! ಏಪ್ರಿಲ್ ಬಂತೆಂದರೆ ಬಿಸಿಲು ನಲವತ್ತು ಡಿಗ್ರಿ ಮುಟ್ಟುವ ಈ ಸೀಮೆಯಲ್ಲಿ ಮಂಜುಗಡ್ಡೆ ಕಾಣಸಿಗುವುದು ಕಬ್ಬಿನ ಹಾಲಿನ ಗಾಡಿಯಲ್ಲಿ. ಆದರೂ ಈ ಆಟವನ್ನೇ ಎತ್ತಿಕೊಂಡಿದ್ದೇನೆ, ಅದಕ್ಕೆ ಕಾರಣವಿದೆ. ಓಟದಲ್ಲಿ ಗಡಿಯಾರ ತೀರ್ಪು ಕೊಡುತ್ತದೆ, ಎಸೆತದಲ್ಲಿ ಟೇಪು. ಮನುಷ್ಯನ ಕಣ್ಣೇ ತೀರ್ಪು ಕೊಡಬೇಕಾದ ಆಟಗಳ ಪೈಕಿ, ಇಡೀ ಜಗತ್ತಿನ ಎದುರು ಮಾನ ಕಳೆದುಕೊಂಡು, ಆಮೇಲೆ ತನ್ನ ತೀರ್ಪಿನ ಯಂತ್ರವನ್ನು ತಿರುಪು ತಿರುಪಾಗಿ ಬಿಚ್ಚಿ ಮತ್ತೆ ಜೋಡಿಸಿದವುಗಳಲ್ಲಿ ಇದೂ ಒಂದು. ಬಿಚ್ಚಿದ ಯಂತ್ರದ ಒಳಗೆ ಏನಿರುತ್ತದೆ ಎಂಬುದನ್ನು ನಾವು ಪುಕ್ಕಟೆ ನೋಡಬಹುದು.

ಮೊದಲು ಆ ಮಾನ ಕಳೆದ ಕಥೆ. 2002ರ ಫೆಬ್ರುವರಿ, ಅಮೆರಿಕದ ಸಾಲ್ಟ್ ಲೇಕ್ ಸಿಟಿಯ ಚಳಿಗಾಲದ ಒಲಿಂಪಿಕ್ಸ್, ಜೋಡಿ ಸ್ಪರ್ಧೆ. ರಷ್ಯಾದ ಎಲೆನಾ ಬೆರೆಜ್ನಾಯಾ ಮತ್ತು ಆಂಟನ್ ಸಿಖರುಲಿಡ್ಜೆ ಒಂದು ಕಡೆ, ಕೆನಡಾದ ಜೇಮಿ ಸಾಲೆ ಮತ್ತು ಡೇವಿಡ್ ಪೆಲ್ಟಿಯೆ ಇನ್ನೊಂದು ಕಡೆ. ಸಿಖರುಲಿಡ್ಜೆ ಒಂದು ನೆಗೆತ ಇಳಿಯುವಾಗ ಕಾಲು ತಪ್ಪಿದ್ದು ಎಲ್ಲರ ಕಣ್ಣಿಗೂ ಬಿತ್ತು, ಕೆನಡಾದವರು ಅಂಥ ತಪ್ಪೇನೂ ಮಾಡಲಿಲ್ಲ. ಆದರೂ ಒಂಬತ್ತು ತೀರ್ಪುಗಾರರಲ್ಲಿ ಐವರು ರಷ್ಯನ್ನರನ್ನು ಮೇಲಿಟ್ಟರು. ಫ್ರಾನ್ಸಿನ ತೀರ್ಪುಗಾರ್ತಿ ಮರೀ-ರೇನ್ ಲೆ ಗೂನ್ಯ ತಮ್ಮ ಮೇಲೆ ಒತ್ತಡವಿತ್ತೆಂದು ಹೇಳಿದ್ದು ಹೊರಬಿತ್ತು, ಬಳಿಕ ಅವರೇ ಆ ಮಾತಿನಿಂದ ಹಿಂದೆ ಸರಿದರು. ಕೊನೆಗೆ ಕೆನಡಾದ ಜೋಡಿಗೂ ಚಿನ್ನ ಕೊಟ್ಟರು. ಆ ತೀರ್ಪುಗಾರ್ತಿಗೂ ಫ್ರೆಂಚ್ ಫೆಡರೇಷನ್ನಿನ ಅಧ್ಯಕ್ಷ ದಿದಿಯೆ ಗಯಾಗೆಗೂ ಮೂರು ವರ್ಷದ ನಿಷೇಧ ಬಿತ್ತು.

ಆ ಕಾಲದ ಪದ್ಧತಿ ನಮಗೆ ಚೆನ್ನಾಗಿ ಗೊತ್ತಿರುವಂಥದ್ದೇ: ಆಟ ಮುಗಿಯಿತು, ಆರಕ್ಕೆ ಇಷ್ಟು ಎಂದು ಎರಡು ಅಂಕ, ಆ ಅಂಕಗಳಿಂದ ಒಂದು ಸ್ಥಾನ. ಯಾವ ನೆಗೆತಕ್ಕೆ ಎಷ್ಟು, ಯಾವ ತಪ್ಪಿಗೆ ಎಷ್ಟು ಕಡಿತ ಎಂಬುದು ಬಹುಮಟ್ಟಿಗೆ ತೀರ್ಪುಗಾರನ ತಲೆಯೊಳಗೇ ಉಳಿಯುತ್ತಿತ್ತು. ನಮ್ಮ ಪ್ರತಿಭಾ ಕಾರಂಜಿಯ ಕ್ಲಸ್ಟರ್ ಮಟ್ಟದ ಭಾವಗೀತೆ ಸ್ಪರ್ಧೆಯ ಅಂಕಪಟ್ಟಿ ನೆನಪಾದರೆ ತಪ್ಪಿಲ್ಲ.

2004ರಲ್ಲಿ ಅಂತರರಾಷ್ಟ್ರೀಯ ಸ್ಕೇಟಿಂಗ್ ಒಕ್ಕೂಟ ಹೊಸ ಪದ್ಧತಿಯನ್ನು ಒಪ್ಪಿಕೊಂಡಿತು. ಅದರ ತಿರುಳು ಒಂದೇ ಮಾತಿನದು. ಏನು ಮಾಡಿದರು ಎಂದು ಗುರುತಿಸುವ ಕೆಲಸ ಒಬ್ಬರದು, ಎಷ್ಟು ಚೆನ್ನಾಗಿ ಮಾಡಿದರು ಎಂದು ತೂಗುವ ಕೆಲಸ ಇನ್ನೊಬ್ಬರದು. ಗುರುತಿಸಲು ಮೂವರ ಟೆಕ್ನಿಕಲ್ ಪ್ಯಾನೆಲ್: ಒಬ್ಬ ಕಂಟ್ರೋಲರ್, ಇಬ್ಬರು ಸ್ಪೆಷಲಿಸ್ಟರು. ಇದು ಟ್ರಿಪಲ್ ಲುಟ್ಜ್, ಇದು ಫ್ಲಿಪ್, ಇದು ನಾಲ್ಕನೇ ಹಂತದ ಗಿರಕಿ ಎಂದು ಅವರು ಹೇಳುತ್ತಾರೆ. ಭಿನ್ನಾಭಿಪ್ರಾಯ ಬಂದರೆ ಮೂವರಲ್ಲಿ ಇಬ್ಬರ ಮಾತು ನಡೆಯುತ್ತದೆ. ಪ್ರತಿಯೊಂದಕ್ಕೂ ಮೊದಲೇ ಅಚ್ಚಾದ ಮೂಲಾಂಕವಿದೆ. ಬೇರೆಯಾಗಿ ಕೂತ ಒಂಬತ್ತು ತೀರ್ಪುಗಾರರು ಅದರ ಗುಣಕ್ಕೆ ಅಂಕ ಹಾಕುತ್ತಾರೆ. ಮೊದಲು ಅದು ಮೈನಸ್ 3ರಿಂದ ಪ್ಲಸ್ 3ರವರೆಗೆ ಇತ್ತು, 2018ರಿಂದ ಮೈನಸ್ 5ರಿಂದ ಪ್ಲಸ್ 5. ಅತಿ ಹೆಚ್ಚಿನದನ್ನೂ ಅತಿ ಕಡಿಮೆಯದನ್ನೂ ಬಿಟ್ಟು ಉಳಿದವುಗಳ ಸರಾಸರಿ ತೆಗೆಯುತ್ತಾರೆ. ಸಂಯೋಜನೆ, ಪ್ರಸ್ತುತಿ, ಸ್ಕೇಟಿಂಗ್ ಕೌಶಲಗಳಿಗೆ ಪ್ರತ್ಯೇಕ ಅಂಕಗಳಿವೆ.

ಕೇಳುವುದಕ್ಕೆ ಎಷ್ಟು ಅಚ್ಚುಕಟ್ಟು! ನಾನು ಈ ಪದ್ಧತಿಯ ವಿರೋಧಿಯಲ್ಲ. ಆದರೆ ಜಗಳ ನಿಂತಿತೇ ಎಂದು ಕೇಳಿದರೆ, ಇಲ್ಲ, ಅದು ಜಾಗ ಬದಲಿಸಿತು. ಇದು ಈ ಊರಿನ ರೈತರಿಗೆ ಹೊಸದೇನಲ್ಲ. ಹಿಂದೆ ದಲಾಲಿ ಭತ್ತದ ಕಾಳನ್ನು ಹಲ್ಲಲ್ಲಿ ಕಡಿದು "ಹಸಿ ಐತಿ" ಅಂದರೆ ಮುಗಿಯಿತು. ಈಗ ಖರೀದಿ ಕೇಂದ್ರದಲ್ಲಿ ಮೀಟರ್ ಇದೆ, ತೇವಾಂಶ ಶೇ 17 ದಾಟಬಾರದು ಎಂಬ ಮಿತಿಯಿದೆ. ಈಗಿನ ತಕರಾರು ಮೀಟರಿನ ಮೇಲಲ್ಲ, ಯಾವ ಚೀಲದಿಂದ, ಚೀಲದ ಎಷ್ಟು ಆಳದಿಂದ ಮಾದರಿ ತೆಗೆದಿರಿ ಎಂಬುದರ ಮೇಲೆ.

ಸ್ಕೇಟಿಂಗಿನಲ್ಲಿ ಆ ಚೀಲ ಎಲ್ಲಿದೆ? ನೆಗೆತದ ಕೊನೆಯಲ್ಲಿದೆ. ಮೂರು ಸುತ್ತು ಗಾಳಿಯಲ್ಲಿ ಪೂರ್ತಿ ಸುತ್ತಿ ಇಳಿದರೆ ಟ್ರಿಪಲ್. ಕಾಲು ಸುತ್ತಿಗಿಂತ ಹೆಚ್ಚು, ಅರ್ಧ ಸುತ್ತಿಗಿಂತ ಕಡಿಮೆ ಕೊರತೆಯಿದ್ದರೆ ಮೂಲಾಂಕದಲ್ಲಿ ಶೇ 80 ಮಾತ್ರ. ಅರ್ಧ ಸುತ್ತು ಅಥವಾ ಅದಕ್ಕೂ ಹೆಚ್ಚು ಕೊರತೆಯಾದರೆ ಅದನ್ನು ಡಬಲ್ ಎಂದೇ ಎಣಿಸುತ್ತಾರೆ. ಇತ್ತೀಚಿನ ವರ್ಷಗಳ ಮೌಲ್ಯಪಟ್ಟಿಯಲ್ಲಿ ಟ್ರಿಪಲ್ ಲುಟ್ಜ್‌ಗೆ 5.90. ಸ್ವಲ್ಪ ಕೊರತೆಯೆಂದರೆ 4.72. ಡಬಲ್ ಎಂದು ಇಳಿಸಿದರೆ 2.10. ನಾಲ್ಕು ಸುತ್ತಿನ ಲುಟ್ಜ್‌ಗೆ 11.50, ಇಳಿಸಿದರೆ ಅದೇ 5.90. ಅರ್ಧ ಸುತ್ತಿನ ಗಡಿಯ ಆಚೆ ಈಚೆ ಕೆಲವೇ ಡಿಗ್ರಿ. ಬ್ಲೇಡು ಮಂಜಿಗೆ ತಾಗಿದ ಕ್ಷಣ ಯಾವುದು ಎಂಬುದೇ ಪ್ರಶ್ನೆ, ಏಕೆಂದರೆ ತಾಗಿದ ಮೇಲೂ ಬ್ಲೇಡು ತಿರುಗುತ್ತಲೇ ಇರುತ್ತದೆ. ಕ್ಯಾಮೆರಾ ಎದುರಿಗಿದ್ದರೆ ಒಂದು ಕಂಡೀತು, ಪಕ್ಕದಲ್ಲಿದ್ದರೆ ಇನ್ನೊಂದು. ಗಿರಕಿ ಹೊಡೆಯುವ ದೇಹಕ್ಕೆ ನಾಲ್ಕು ದಿಕ್ಕೂ ಮುಖವೇ, ಪ್ಯಾನೆಲ್ಲಿಗೆ ಮಾತ್ರ ತನಗೆ ಸಿಕ್ಕ ಚಿತ್ರವೇ ಆಧಾರ.

ಲುಟ್ಜ್ ಮತ್ತು ಫ್ಲಿಪ್‌ಗಳ ನಡುವಿನ ವ್ಯತ್ಯಾಸವೂ ಹೀಗೆಯೇ ಕೂದಲೆಳೆಯದು. ಬ್ಲೇಡಿನ ಹೊರ ಅಂಚಿನಿಂದ ನೆಗೆದರೆ ಲುಟ್ಜ್, ಒಳ ಅಂಚಿನಿಂದ ನೆಗೆದರೆ ಫ್ಲಿಪ್. ಬ್ಲೇಡಿನ ದಪ್ಪವೇ ಕೆಲವು ಮಿಲಿಮೀಟರು.

ಇಲ್ಲಿ ನಿಧಾನವಾಗಿ ಯೋಚಿಸಬೇಕಾದ ಒಂದು ಸೂಕ್ಷ್ಮವಿದೆ. ನನ್ನ ಮಟ್ಟಿಗೆ ಇಡೀ ವಿಷಯದ ಗಂಟು ಇರುವುದು ಇಲ್ಲೇ. ಪ್ಯಾನೆಲ್ಲಿನವರು ಎಲ್ಲ ನೆಗೆತವನ್ನೂ ನಿಧಾನಗತಿಯಲ್ಲಿ ನೋಡುವುದಿಲ್ಲ. ಯಾರಿಗಾದರೂ ಸಂದೇಹ ಬಂದು "ರಿವ್ಯೂ" ಎಂದರೆ ಮಾತ್ರ ಆ ತುಣುಕು ಮತ್ತೆ ಪರದೆಗೆ ಬರುತ್ತದೆ. ನೋಡಿದ ಮೇಲೂ ಸಂದೇಹ ಉಳಿದರೆ ಸ್ಪರ್ಧಿಯ ಪರವಾಗಿ ನಿರ್ಧರಿಸಿ ಎನ್ನುತ್ತದೆ ನಿಯಮ. ಒಳ್ಳೆಯ, ಮಾನವೀಯ ನಿಯಮ. ಆದರೆ ಸಂದೇಹ ಎಲ್ಲರ ಮೇಲೂ ಒಂದೇ ಸಮನೆ ಹುಟ್ಟುತ್ತದೆಯೇ? ಹೋದ ವರ್ಷದ ಚಾಂಪಿಯನ್ ನೆಗೆದಾಗ ಕಣ್ಣು ಮೊದಲೇ ಒಪ್ಪಿಕೊಂಡಿರುತ್ತದೆ, ಹೆಸರು ಕೇಳದ ಹುಡುಗಿ ನೆಗೆದಾಗ ಹುಬ್ಬು ಮೇಲೇರುತ್ತದೆ. ಒಬ್ಬಳ ನೆಗೆತ ಪರೀಕ್ಷೆಗೆ ಹೋಗುತ್ತದೆ, ಇನ್ನೊಬ್ಬಳದು ಹೋಗುವುದೇ ಇಲ್ಲ. ಸ್ಪರ್ಧೆ ಮುಗಿದ ಮೇಲೆ ಅಚ್ಚಾಗುವ ಅಂಕಪಟ್ಟಿಯಲ್ಲಿ ಪ್ರತಿ ತೀರ್ಪುಗಾರನ ಅಂಕವೂ ಸಿಗುತ್ತದೆ. ಪರಿಶೀಲಿಸದೆ ಬಿಟ್ಟ ನೆಗೆತದ ಸುದ್ದಿ ಮಾತ್ರ ಎಲ್ಲಿಯೂ ಇರುವುದಿಲ್ಲ. ಎಲ್ಲಕ್ಕಿಂತ ದೊಡ್ಡ ತೀರ್ಪು, ಅಂದರೆ ನೋಡಬೇಕೋ ಬೇಡವೋ ಎಂಬುದು, ಕಾಗದದ ಮೇಲೆ ಒಂದು ಗೆರೆಯನ್ನೂ ಉಳಿಸದೆ ಹೋಗಿಬಿಡುತ್ತದೆ. ಅಂಕ ಕೊಡುವಲ್ಲಿ ಆಗುವ ಅನ್ಯಾಯಕ್ಕಿಂತ ಗುರುತಿಸುವಲ್ಲಿ ಆಗುವ ಅನ್ಯಾಯ ದೊಡ್ಡದು ಎಂದು ನಾನು ಹೇಳುವುದು ಇದಕ್ಕೇ. ಅಂಕದ ತಪ್ಪನ್ನು ಸರಾಸರಿ ಸ್ವಲ್ಪ ಸರಿಪಡಿಸೀತು. ಗುರುತಿನ ತಪ್ಪು ಒಂಬತ್ತೂ ಜನರ ಲೆಕ್ಕದ ಅಡಿಪಾಯದಲ್ಲೇ ಕೂತಿರುತ್ತದೆ.

2014ರ ಸೋಚಿ ಒಲಿಂಪಿಕ್ಸಿನ ಮಹಿಳೆಯರ ಸ್ಪರ್ಧೆ ಇದಕ್ಕೆ ಸಾಕ್ಷಿ. ರಷ್ಯಾದ ಅದೆಲಿನಾ ಸೊತ್ನಿಕೋವಾ 224.59, ಕೊರಿಯಾದ ಕಿಮ್ ಯೂನಾ 219.11. ಅಂತರ 5.48. ಸೊತ್ನಿಕೋವಾ ಅವರ ಲುಟ್ಜ್ ಸರಿಯಾದ ಅಂಚಿನಿಂದ ಎದ್ದಿತ್ತೇ ಎಂಬ ವಾದ ಇವತ್ತಿಗೂ ಮುಗಿದಿಲ್ಲ. ಅವರು ಗೆಲ್ಲಬಾರದಿತ್ತು ಎಂದು ನಾನು ಹೇಳುತ್ತಿಲ್ಲ, ಇಬ್ಬರೂ ಅಂದು ಚೆನ್ನಾಗಿಯೇ ಆಡಿದರು. ನನ್ನ ತಕರಾರು ತೀರ್ಪಿನ ಕುರ್ಚಿಗಳ ಮೇಲೆ. 1998ರ ನಗಾನೊ ಒಲಿಂಪಿಕ್ಸಿನ ಐಸ್ ಡ್ಯಾನ್ಸ್ ತೀರ್ಪಿನ ಹಗರಣದಲ್ಲಿ ನಿಷೇಧಕ್ಕೆ ಒಳಗಾಗಿದ್ದ ಉಕ್ರೇನಿನ ಯೂರಿ ಬಾಲ್ಕೋವ್ ಅಂದಿನ ತೀರ್ಪುಗಾರರಲ್ಲಿ ಒಬ್ಬರಾಗಿದ್ದರು. ಸಾಲದ್ದಕ್ಕೆ, ಯಾವ ಅಂಕ ಯಾರದು ಎಂದು ಆಗ ಯಾರಿಗೂ ತಿಳಿಯುವಂತಿರಲಿಲ್ಲ. 2002ರ ಹಗರಣದ ಬಳಿಕ ತೀರ್ಪುಗಾರರ ಮೇಲೆ ಅವರವರ ದೇಶದ ಒತ್ತಡ ಬೀಳಬಾರದೆಂದು ಹೆಸರುಗಳನ್ನು ಮುಚ್ಚಿಟ್ಟಿದ್ದರು. ಉದ್ದೇಶ ಒಳ್ಳೆಯದೇ. ಆದರೆ ಅಮೆರಿಕದ ಡಾರ್ಟ್‌ಮತ್ ಕಾಲೇಜಿನ ಅರ್ಥಶಾಸ್ತ್ರಜ್ಞ ಎರಿಕ್ ಜಿಟ್ಜೆವಿಟ್ಜ್ ಅಂಕಗಳನ್ನೆಲ್ಲ ಲೆಕ್ಕಹಾಕಿ ನೋಡಿದಾಗ ಕಂಡದ್ದು ಬೇರೆ: ಹೆಸರು ಮುಚ್ಚಿದ ಮೇಲೆ ಸ್ವದೇಶದವರ ಮೇಲಿನ ಒಲವು ಇಳಿಯಲಿಲ್ಲ, ಏರಿತು. 2016ರಲ್ಲಿ ಒಕ್ಕೂಟ ಆ ಗೌಪ್ಯತೆಯನ್ನು ಕೈಬಿಟ್ಟಿತು. ಹೆಸರು ಬಯಲಾದ ಮೇಲೆ 2018ರ ಪ್ಯೊಂಗ್‌ಚಾಂಗ್ ಕ್ರೀಡಾಕೂಟದ ಅಂಕಗಳನ್ನು ಹಿಡಿದು ಚೀನಾದ ಇಬ್ಬರು ತೀರ್ಪುಗಾರರನ್ನು ಪಕ್ಷಪಾತದ ಕಾರಣಕ್ಕೆ ಅಮಾನತು ಮಾಡಲು ಸಾಧ್ಯವಾಯಿತು.

ದೂರದ ದೇಶಗಳ ಮಾತು ಸಾಕು ಎಂದೀರಿ. ನಮ್ಮ ಜಿಲ್ಲೆಗೇ ಬರೋಣ. ತೋರಣಗಲ್ಲಿನ ಹತ್ತಿರದ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್‌ನಲ್ಲಿ ಪಳಗಿದ ಬಾಕ್ಸರ್ ನಿಶಾಂತ್ ದೇವ್ 2024ರ ಪ್ಯಾರಿಸ್ ಒಲಿಂಪಿಕ್ಸಿನ ಕ್ವಾರ್ಟರ್ ಫೈನಲ್‌ನಲ್ಲಿ ಮೆಕ್ಸಿಕೊದ ಮಾರ್ಕೊ ವೆರ್ಡೆ ಎದುರು 4-1ರ ತೀರ್ಪಿನಲ್ಲಿ ಸೋತಾಗ ಇಲ್ಲಿನ ಎಷ್ಟೋ ಮಂದಿ ಟೀವಿ ಮುಂದೆ ಕೂಗಾಡಿದ್ದಿರಬೇಕು. ಐವರು ತೀರ್ಪುಗಾರರು ಒಂದೇ ರಿಂಗಿನ ಸುತ್ತ ಕೂತು ಒಂದೇ ಹೊಡೆದಾಟ ನೋಡಿದ್ದರು. ಅಲ್ಲಿಯೂ ಮೊದಲ ಪ್ರಶ್ನೆ ಅಂಕದ್ದಲ್ಲ, ಯಾವ ಹೊಡೆತ ತಾಗಿತು ಎಂದು ಗುರುತಿಸುವುದರದ್ದು.

ಕರಾವಳಿಯ ಕಂಬಳದವರು ಗುರುತಿಸುವ ಈ ಗಂಟನ್ನು ತಮ್ಮದೇ ಜಾಣತನದಿಂದ ಬಿಡಿಸಿಕೊಂಡಿದ್ದಾರೆ. ಕೆನೆಹಲಗೆ ವಿಭಾಗದಲ್ಲಿ ನೀರು ಎಷ್ಟು ಚೆಂದ ಚಿಮ್ಮಿತು ಎಂದು ಯಾರೂ ಕೇಳುವುದಿಲ್ಲ. ಆರೂವರೆ ಕೋಲು, ಏಳೂವರೆ ಕೋಲು ಎತ್ತರಕ್ಕೆ ಕಟ್ಟಿದ ನಿಶಾನೆ ಬಟ್ಟೆ ಒದ್ದೆಯಾಯಿತೋ ಇಲ್ಲವೋ, ಅಷ್ಟೇ. ಎಲ್ಲ ಆಟಕ್ಕೂ ಇಂಥ ಬಟ್ಟೆ ಕಟ್ಟಲಾಗದು, ಒಪ್ಪುತ್ತೇನೆ. ಆದರೆ ಕಟ್ಟಬಹುದಾದ ಕಡೆಯೂ ನಾವು ಕಟ್ಟಿಲ್ಲ. ಬಾಗಲಕೋಟೆ ಜಿಲ್ಲೆಯ ತುಳಸಿಗೇರಿಯ ಮಕ್ಕಳು ಮಲ್ಲಕಂಬದ ಮೇಲೆ ಮಾಡುವ ಒಂದೊಂದು ಆಸನಕ್ಕೂ ಹೆಸರಿದೆ, ಕಠಿಣತೆಯ ದರ್ಜೆಯಿದೆ. ಮಲ್ಲಕಂಬವೂ ಯೋಗಾಸನವೂ ಖೇಲೋ ಇಂಡಿಯಾದೊಳಗೆ ಬಂದ ಮೇಲೆ ಈ ದರ್ಜೆಗಳ ಮೇಲೆ ಪದಕವೂ, ಅದರ ಹಿಂದೆ ಬರುವ ಸವಲತ್ತುಗಳೂ ನಿಂತಿವೆ. ಮಗು ಬೆರಳ ತುದಿಯನ್ನು ಕಂಬಕ್ಕೆ ತಾಗಿಸಿತೋ ಇಲ್ಲವೋ ಎಂದು ಯಾರು, ಎಲ್ಲಿಂದ ನೋಡಿದರು ಎಂಬುದು ಅಂಕಪಟ್ಟಿಯಲ್ಲಿ ಬರಬೇಡವೇ?

ಇನ್ನು ಸ್ಥಿರತೆಯ ಮಾತು. ಬೆಳಿಗ್ಗೆ ಹತ್ತಕ್ಕೆ ಕಂಠಪಾಠ ಹೇಳಿದ ಮಗುವಿಗೂ ಮಧ್ಯಾಹ್ನ ಊಟವಾದ ಮೇಲೆ ಹೇಳಿದ ಮಗುವಿಗೂ ಒಂದೇ ಕಿವಿ ಸಿಗುತ್ತದೆಯೇ? ಬ್ರಸೆಲ್ಸ್‌ನ ಕ್ವೀನ್ ಎಲಿಸಬೆತ್ ಪಿಯಾನೊ ಸ್ಪರ್ಧೆಯಲ್ಲಿ ಯಾರು ಯಾವ ದಿನ ನುಡಿಸಬೇಕೆಂದು ಚೀಟಿ ಎತ್ತಿ ನಿರ್ಧರಿಸುತ್ತಾರೆ. ಅರ್ಥಶಾಸ್ತ್ರಜ್ಞ ವಿಕ್ಟರ್ ಗಿನ್ಸ್‌ಬರ್ಗ್ ಮತ್ತು ಸಂಗಡಿಗರು ವರ್ಷಗಳ ಫಲಿತಾಂಶ ತೆಗೆದು ನೋಡಿದಾಗ, ಮೊದಲ ದಿನ ನುಡಿಸಿದವರು ಮೇಲಿನ ಸ್ಥಾನ ಪಡೆಯುವುದು ಕಷ್ಟವೆಂದು ಕಂಡಿತು. ಜಗತ್ತಿನ ಅತ್ಯುತ್ತಮ ಕಿವಿಗಳಿಗೇ ಹೀಗಾದರೆ, ಒಂದೇ ದಿನ ಛದ್ಮವೇಷ, ಮಿಮಿಕ್ರಿ, ಆಶುಭಾಷಣ, ಜನಪದ ಗೀತೆ ಎಲ್ಲವನ್ನೂ ಮುಗಿಸಬೇಕಾದ ನಮ್ಮ ಶಿಕ್ಷಕರನ್ನು ದೂರುವುದು ನ್ಯಾಯವಲ್ಲ. ಅವರ ಕೈಗೆ ಕೊಟ್ಟ ಹಾಳೆಯನ್ನು ದೂರಬೇಕು.

ಮೇಲ್ಮನವಿಯ ಬಗ್ಗೆಯೂ ಒಂದು ಮಾತು. ಗಡಿಯಾಚೆ ಕಾಸರಗೋಡಿನ ಮಕ್ಕಳು ಕೇರಳ ಶಾಲಾ ಕಲೋತ್ಸವದಲ್ಲಿ ಯಕ್ಷಗಾನ ಆಡುತ್ತಾರೆ. 2019ರಲ್ಲಿ ರಾಜ್ಯ ಕಲೋತ್ಸವ ಆ ಜಿಲ್ಲೆಯ ಕಾಞಂಗಾಡಿನಲ್ಲೇ ನಡೆಯಿತು. ಕೇರಳದಲ್ಲಿ ಜಿಲ್ಲಾ ಮಟ್ಟದಲ್ಲಿ ಸೋತವರು ಶುಲ್ಕ ಕಟ್ಟಿ ಮೇಲ್ಮನವಿ ಸಲ್ಲಿಸಬಹುದು. ವ್ಯಾಜ್ಯ ನ್ಯಾಯಾಲಯ, ಲೋಕಾಯುಕ್ತದವರೆಗೆ ಹೋದದ್ದೂ ಉಂಟು. ಮೇಲ್ಮನವಿಗಳಿಂದ ವೇದಿಕೆ ತುಂಬಿ ರಾತ್ರಿಯೆಲ್ಲ ಸ್ಪರ್ಧೆ ನಡೆಯುತ್ತದೆ ಎಂದು ಅದನ್ನು ಗೇಲಿ ಮಾಡುವವರಿದ್ದಾರೆ. ನನಗೆ ಆ ಗದ್ದಲವೇ ವಾಸಿ ಅನ್ನಿಸುತ್ತದೆ. ತೀರ್ಪಿಗೆ ಕಾರಣ ಕೇಳುವ ಬಾಗಿಲು ಇದೆ ಎಂದು ಗೊತ್ತಿದ್ದರೆ ತೀರ್ಪುಗಾರನ ಪೆನ್ನು ಬೇರೆ ರೀತಿ ಓಡುತ್ತದೆ. ಶುಲ್ಕ ಕಟ್ಟಲಾಗದ ಮನೆಯ ಮಗುವಿಗೆ ಆ ಬಾಗಿಲು ಅರ್ಧ ಮುಚ್ಚಿದಂತೆ ಎಂಬುದು ಮಾತ್ರ ನಿಜ. ಅದನ್ನು ಮಧ್ಯಾಹ್ನದ ಗೋಷ್ಠಿ ಚರ್ಚಿಸಲಿ.

ಈ ಸಂಕಿರಣ ಭಾಷಣಗಳಲ್ಲೇ ಮುಗಿಯಬಾರದೆಂದು ಸಂಘಟಕರ ಬಳಿ ಒಂದು ವಿಷಯ ಕೇಳಿಕೊಂಡಿದ್ದೇನೆ, ಅವರು ಒಪ್ಪಿದ್ದಾರೆ. ಊಟಕ್ಕೆ ಮುಂಚೆ ನಿಮಗೆ ಮಲ್ಲಕಂಬದ ಕೆಲವು ವಿಡಿಯೊ ತುಣುಕುಗಳನ್ನು ತೋರಿಸುತ್ತಾರೆ. ಊಟವಾದ ಮೇಲೆ ಇನ್ನಷ್ಟು. ಅವುಗಳ ನಡುವೆ ಬೆಳಿಗ್ಗೆಯ ಕೆಲವು ತುಣುಕುಗಳು ಮತ್ತೆ ಬರುತ್ತವೆ, ಯಾವುವು ಎಂದು ಹೇಳುವುದಿಲ್ಲ. ಹಾಳೆಯಲ್ಲಿ ಎರಡು ಕಾಲಂ ಇವೆ. ಮೊದಲನೆಯದರಲ್ಲಿ ನೀವು ಏನು ಕಂಡಿರಿ, ಎಲ್ಲಿ ಸಂದೇಹ ಬಂತು, ಎಲ್ಲಿ ಸಂದೇಹ ಬಂದರೂ ಬಿಟ್ಟಿರಿ ಎಂದು ಬರೆಯಿರಿ. ಅದು ತುಂಬಿದ ಮೇಲೆ ಎರಡನೆಯದರಲ್ಲಿ ಅಂಕ. ಸಂಜೆ ಎಲ್ಲ ಹಾಳೆಗಳನ್ನೂ ಈ ಗೋಡೆಗೆ ಅಂಟಿಸುತ್ತಾರೆ, ಬೆಳಿಗ್ಗೆಯ ಅಂಕವನ್ನೂ ಮಧ್ಯಾಹ್ನದ ಅಂಕವನ್ನೂ ಅಕ್ಕಪಕ್ಕದಲ್ಲಿ. ನನ್ನ ಹಾಳೆಯೂ ಅಲ್ಲಿರುತ್ತದೆ. ದಯವಿಟ್ಟು ಮೇಲ್ಗಡೆ ಹೆಸರು ಬರೆಯಿರಿ.