ಧೂಳಿನ ಬಣ್ಣದ ದಿರಿಸು



ವಿಜಯಪುರದ ರೈಲು ನಿಲ್ದಾಣದಲ್ಲಿ ಇಳಿದು ಸ್ಟೇಷನ್ ರಸ್ತೆ ಹಿಡಿದವರಿಗೆ ಗೋಳಗುಮ್ಮಟದ ಜೊತೆಗೆ ತಪ್ಪದೆ ಕಾಣುವುದು ಖಾಕಿ. ಪೊಲೀಸರು, ಬಸ್ ಕಂಡಕ್ಟರು, ಆಟೋದವರು, ಎಲ್ಲರದೂ ಅದೇ ಬಣ್ಣ. ಫಾರಸಿಯಲ್ಲಿ 'ಖಾಕ್' ಎಂದರೆ ಮಣ್ಣು, ಧೂಳು. ಆದಿಲಶಾಹಿಗಳ ಕಾಲದಲ್ಲಿ ಫಾರಸಿ ಬಲ್ಲವರಿಂದ ತುಂಬಿದ್ದ ಈ ಊರಿಗೆ ಆ ಪದ ಹೊಸದೇನಲ್ಲ.

ಹಿಂದೆ ಇಂಗ್ಲಿಷರ ಪಡೆಗಳದು ಕೆಂಪು ಕೋಟು. ಕರಿಮದ್ದಿನ ಹೊಗೆ ಕವಿದ ರಣರಂಗದಲ್ಲಿ ತಮ್ಮವರು ಯಾರೆಂದು ಗುರುತಿಸಲು ಎದ್ದು ಕಾಣುವ ಬಣ್ಣವೇ ಬೇಕಿತ್ತು. ಗುಡ್ಡಗಾಡಿನ ಕಾಳಗದಲ್ಲಿ ಮಾತ್ರ ಅದೇ ಬಣ್ಣ ಪ್ರಾಣಕ್ಕೆ ಎರವಾಗುತ್ತಿತ್ತು. 1846ರಲ್ಲಿ ಪೇಶಾವರದಲ್ಲಿ ಗೈಡ್ಸ್ ದಳ ಕಟ್ಟಿದ ಹ್ಯಾರಿ ಲಮ್ಸ್‌ಡೆನ್ ತನ್ನವರಿಗೆ ಮಣ್ಣುಬಣ್ಣದ ಬಟ್ಟೆ ತೊಡಿಸಿದ. 1857ರ ದಂಗೆಯಲ್ಲಿ ಸೈನಿಕರು ಬೇಸಿಗೆಯ ಬಿಳಿ ಬಟ್ಟೆಯನ್ನು ಚಹಾ, ಕೆಸರುಗಳಲ್ಲಿ ಅದ್ದಿಕೊಂಡರು.

ಹಾಗಾದರೆ ಖಾಕಿ ಮಂಗಳೂರಿನಲ್ಲಿ ಹುಟ್ಟಿತೆಂಬ ಮಾತು ಎಲ್ಲಿಂದ ಬಂತು? 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್, ಮತಾಂತರದಿಂದ ಬಂಧುಬಳಗವನ್ನೂ ಕಸುಬನ್ನೂ ಕಳೆದುಕೊಂಡವರ ಹೊಟ್ಟೆಪಾಡಿಗೆಂದು ನೇಯ್ಗೆ ಆರಂಭಿಸಿತು. ಅಲ್ಲಿನ ಕಾರ್ಖಾನೆಗೆ 1851ರಲ್ಲಿ ಬಂದ ನೇಕಾರ ಜಾನ್ ಹಾಲರ್ ಬಣ್ಣದ ಮನೆ ಕಟ್ಟಿ ಖಾಕಿ ಬಣ್ಣ ತಯಾರಿಸಿದನೆಂದೂ, ಕೆನರಾ ಜಿಲ್ಲೆಯ ಪೊಲೀಸರು ಆ ಬಟ್ಟೆಯನ್ನು ಒಪ್ಪಿಕೊಂಡರೆಂದೂ ಮಿಷನ್ನಿನ ಇತಿಹಾಸ ಹೇಳುತ್ತದೆ. ಬಣ್ಣ ಮೊದಲು ತೊಟ್ಟದ್ದು ಪೇಶಾವರ. ಅದನ್ನು ಮಗ್ಗದ ಬಟ್ಟೆಯಾಗಿ ಪೊಲೀಸರ ಮೈಮೇಲೆ ತಂದ ಹೆಗ್ಗಳಿಕೆ ಮಂಗಳೂರಿನದು. ಎರಡು ಮಾತಿಗೂ ಜಗಳವಿಲ್ಲ. ಹಾಲರನ ಹೆಸರು ಉಳಿಯಿತು. ಬಣ್ಣದ ಹಂಡೆಯಲ್ಲಿ ಕೈ ಅದ್ದಿದ ಕೂಲಿಕಾರರ ಹೆಸರು ಉಳಿಯಲಿಲ್ಲ.

1884ರಲ್ಲಿ ಇಂಗ್ಲೆಂಡಿನಲ್ಲಿ ಒಗೆದರೂ ಬಿಡದ ಖಾಕಿ ಬಣ್ಣಕ್ಕೆ ಪೇಟೆಂಟ್ ದೊರೆಯಿತು. ಅಷ್ಟರಲ್ಲಿ ಹೊಗೆಯಿಲ್ಲದ ಮದ್ದು, ದೂರ ಹೊಡೆಯುವ ಬಂದೂಕು ಬಂದವು. ಅಡಗುವುದೇ ಜಾಣತನವಾಯಿತು. 1899ರ ಬೋಯರ್ ಯುದ್ಧದ ಹೊತ್ತಿಗೆ ಬ್ರಿಟಿಷ್ ಪಡೆಗಳು ಖಾಕಿಯಲ್ಲಿದ್ದವು. ಎರಡನೆಯ ಮಹಾಯುದ್ಧದಲ್ಲಿ ಬರ್ಮಾದ ಕಾಡು ಖಾಕಿಯನ್ನೂ ಸೋಲಿಸಿತು. ಸೈನಿಕರು ಹಸಿರಿಗೆ ತಿರುಗಿದರು. ಭಾರತದ ಸೇನೆ 2022ರಲ್ಲಿ ಚುಕ್ಕೆ ಚುಕ್ಕೆಯ ಹೊಸ ಯುದ್ಧ ಉಡುಪನ್ನು ತೋರಿಸಿತು.

ಪೊಲೀಸರು ಮಾತ್ರ ಖಾಕಿಯಲ್ಲೇ ಉಳಿದರು. ಕೋಲ್ಕತ್ತ ನಗರದ ಪೊಲೀಸರದು ಬಿಳಿ. ಬೆಂಗಳೂರಿನ ಸಂಚಾರ ಪೊಲೀಸರ ಅಂಗಿಯೂ ಬಿಳಿ. ದೂರದಿಂದ ಕಾಣಬೇಕಲ್ಲ! ಅಡಗಲೆಂದು ಹುಟ್ಟಿದ ಬಣ್ಣವೂ ಈಗ ಬೀದಿಯಲ್ಲಿ ಎಲ್ಲಕ್ಕಿಂತ ಮೊದಲು ಕಣ್ಣಿಗೆ ಬೀಳುತ್ತದೆ. ಅದನ್ನು ಕಂಡು ಒಬ್ಬರಿಗೆ ಧೈರ್ಯ, ಇನ್ನೊಬ್ಬರಿಗೆ ಅಂಜಿಕೆ. ಆ ವ್ಯತ್ಯಾಸ ಬಟ್ಟೆಯದಲ್ಲ, ತೊಟ್ಟವರ ನಡತೆಯದು.