ಲೆಕ್ಕಕ್ಕೆ ಬಾರದ ಯೋಧರು
(ಹೈದರಾಬಾದಿನ ಕನ್ನಡಿಗರ ಸಭೆಯೊಂದರಲ್ಲಿ ಮಾಡಿದ ಭಾಷಣ)



ನಾವು ನೆಲೆಸಿರುವ ಈ ಹೈದರಾಬಾದು ಇಂದು ಬ್ಯಾಡ್ಮಿಂಟನ್ನಿನ ತವರೂರು. ಸೈನಾ, ಸಿಂಧು ಅವರ ಹೆಸರು ಇಲ್ಲಿಯ ಮಕ್ಕಳಿಗೆಲ್ಲ ಬಾಯಿಪಾಠ. ಅದೇ ಆಟದಲ್ಲಿ 1970ರಲ್ಲಿ ಅರ್ಜುನ ಪ್ರಶಸ್ತಿ ಪಡೆದ ದಮಯಂತಿ ತಾಂಬೆ ಅವರ ಹೆಸರನ್ನು ಮಾತ್ರ ನಾವು ಮರೆತಿದ್ದೇವೆ. ಅವರ ಪತಿ ಫ್ಲೈಟ್ ಲೆಫ್ಟಿನೆಂಟ್ ವಿಜಯ ವಸಂತ ತಾಂಬೆ. 1971ರ ಡಿಸೆಂಬರ್ 5ರಂದು ಅವರ ಯುದ್ಧವಿಮಾನ ಪಾಕಿಸ್ತಾನದಲ್ಲಿ ಉರುಳಿತು. ಮದುವೆಯಾಗಿ ಎರಡು ವರ್ಷವೂ ತುಂಬಿರಲಿಲ್ಲ. ಸೆರೆಸಿಕ್ಕ ವಿಮಾನಚಾಲಕರ ಪೈಕಿ ಅವರ ಹೆಸರಿದ್ದ ಪತ್ರಿಕಾ ವರದಿಯನ್ನು ಕುಟುಂಬದವರು ಅಂದಿನಿಂದಲೂ ಮುಂದಿಡುತ್ತ ಬಂದಿದ್ದಾರೆ. ಆದರೆ ಹಿಂದಿರುಗಿದವರಲ್ಲಿ ಅವರಿರಲಿಲ್ಲ.

ಕನಕದಾಸರ 'ನಳಚರಿತ್ರೆ'ಯ ದಮಯಂತಿ ದೂತರನ್ನು ಅಟ್ಟಿ ಕಡೆಗೂ ಗಂಡನನ್ನು ಕಂಡುಕೊಂಡಳು. ನಮ್ಮ ಕಾಲದ ಈ ದಮಯಂತಿಗೆ ಅರ್ಧ ಶತಮಾನದ ಹುಡುಕಾಟದ ಬಳಿಕವೂ ಉತ್ತರ ಸಿಕ್ಕಿಲ್ಲ.

ಅವರು ಒಂಟಿಯಲ್ಲ. ಆ ಯುದ್ಧದಲ್ಲಿ ಕಾಣೆಯಾಗಿ ಪಾಕಿಸ್ತಾನದ ಸೆರೆಯಲ್ಲಿದ್ದಾರೆಂದು ನಂಬಲಾದವರು 54 ಮಂದಿ. ಪಾಕಿಸ್ತಾನವು ಇದನ್ನು ಒಪ್ಪಿಲ್ಲ. 1983ರಲ್ಲಿ, ಮತ್ತೆ 2007ರಲ್ಲಿ ಬಂಧುಗಳು ಅಲ್ಲಿಯ ಸೆರೆಮನೆಗಳಿಗೆ ಹೋಗಿ ಬರಿಗೈಯಲ್ಲಿ ಮರಳಿದರು. ನಮ್ಮ ವಶದಲ್ಲಿದ್ದ ಸುಮಾರು 93,000 ಮಂದಿಯನ್ನು 1974ರ ಏಪ್ರಿಲ್ ವೇಳೆಗೆ ಕಳುಹಿಸಿಕೊಟ್ಟೆವು. ನಮ್ಮವರ ಲೆಕ್ಕ ಕೇಳದೆ ಅಷ್ಟು ಜನರನ್ನು ಬಿಟ್ಟದ್ದೇಕೆ ಎಂಬುದು ಈ ಕುಟುಂಬಗಳ ಪ್ರಶ್ನೆ. ಅದು ನ್ಯಾಯವಾದ ಪ್ರಶ್ನೆ.

ನಾನು ಕೇಂದ್ರ ಸರ್ಕಾರದ ಲೆಕ್ಕಪತ್ರ ಶಾಖೆಯ ನೌಕರ. ಹಲವು ವರ್ಷಗಳ ಹಿಂದೆ ನಾಪತ್ತೆಯಾದ ನೌಕರನೊಬ್ಬನ ಪತ್ನಿ ಪಿಂಚಣಿಗಾಗಿ ನನ್ನ ಮೇಜಿನೆದುರು ಕುಳಿತಿದ್ದರು. ಅರ್ಜಿಯಲ್ಲಿ 'ವಿಧವೆ' ಎಂಬಲ್ಲಿ ಗುರುತು ಹಾಕಿರೆಂದೆ. ಆಕೆ ಲೇಖನಿಯನ್ನು ಕೆಳಗಿಟ್ಟು, "ನೀವೇ ಹಾಕಿ ಸಾರ್, ನನ್ನ ಕೈಯಿಂದ ಆಗದು" ಎಂದರು. ನಾನು ಹಾಕಿದೆ. ಆ ಗುರುತು ಈಗಲೂ ನನ್ನ ಮನಸ್ಸನ್ನು ಚುಚ್ಚುತ್ತದೆ.

ಏಳು ವರ್ಷ ಸುದ್ದಿಯಿಲ್ಲದವನು ಬದುಕಿದ್ದಾನೆಂದು ಯಾರು ಹೇಳುವರೋ ಅವರೇ ಅದನ್ನು ಸಾಧಿಸಬೇಕೆಂದು ಹಿಂದಿನ ಸಾಕ್ಷ್ಯ ಅಧಿನಿಯಮದ 108ನೆಯ ಕಲಮು ಹೇಳುತ್ತಿತ್ತು. 2024ರಲ್ಲಿ ಜಾರಿಗೆ ಬಂದ ಹೊಸ ಕಾನೂನಿನ ತತ್ತ್ವವೂ ಅದೇ. ಆಸ್ತಿ, ಪಿಂಚಣಿಗಳ ಇತ್ಯರ್ಥಕ್ಕೆ ಈ ನಿಯಮ ಬೇಕು, ನಿಜ. ಆದರೆ ಯುದ್ಧಕೈದಿಯ ವಿಷಯದಲ್ಲಿ 1949ರ ಜಿನೀವಾ ಒಪ್ಪಂದವು ಹೊಣೆಯನ್ನು ಸೆರೆಹಿಡಿದ ರಾಷ್ಟ್ರದ ಮೇಲೆ ಹೊರಿಸುತ್ತದೆ. ಸೆರೆಯಾದವನ ವಿವರವನ್ನು ಅದು ತಿಳಿಸಬೇಕು. ಕದನ ನಿಂತೊಡನೆ ತಡಮಾಡದೆ ಅವನನ್ನು ಬಿಡಬೇಕು. ಸೆರೆಯಲ್ಲಿ ಸತ್ತರೆ ಸಮಾಧಿಯ ವಿವರವನ್ನಾದರೂ ಕೊಡಬೇಕು. ಎರಡು ಸರ್ಕಾರಗಳು ಹೊರಬೇಕಾದ ಈ ಹೊರೆ ಕಡೆಗೆ ಪತ್ನಿಯೊಬ್ಬಳ ತಲೆಯ ಮೇಲೆ ಬಿದ್ದಿತು!

ಅಮೆರಿಕದಲ್ಲಿ ವಿಯೆಟ್ನಾಂ ಕೈದಿಗಳ ಪತ್ನಿಯರಿಗೆ ಸುಮ್ಮನಿರಿ ಎಂಬ ಸಲಹೆಯೇ ಮೊದಲು ಸಿಕ್ಕಿತ್ತು. ಸಿಬಿಲ್ ಸ್ಟಾಕ್‌ಡೇಲ್ ಎಂಬಾಕೆ ಸುಮ್ಮನಿರಲಿಲ್ಲ. ಪತ್ನಿಯರನ್ನು ಒಗ್ಗೂಡಿಸಿ, ಕೈದಿಗಳ ಪ್ರಶ್ನೆಯನ್ನು ಇಡೀ ರಾಷ್ಟ್ರದ ಪ್ರಶ್ನೆಯಾಗಿಸಿದರು. ಅವರ ಪತಿ ಏಳು ವರ್ಷಗಳ ಸೆರೆಯ ನಂತರ 1973ರಲ್ಲಿ ಮರಳಿದರು. ಅಲ್ಲಿ ಸಮಾಜ ಆ ಹೆಂಗಸರ ಬೆನ್ನಿಗೆ ನಿಂತಿತು. ಇಲ್ಲಿ ನಾವು ನಿಂತೆವೆ?

ನಮ್ಮ ಕೊಡಗಿನ ಕಾರಿಯಪ್ಪನವರನ್ನು ನೆನೆಯಿರಿ. 1965ರ ಯುದ್ಧದಲ್ಲಿ ವಿಮಾನಚಾಲಕನಾದ ಅವರ ಮಗ ಸೆರೆಸಿಕ್ಕಾಗ, ಅವನನ್ನು ಬಿಡುವ ಪ್ರಸ್ತಾಪ ಅಯೂಬ್ ಖಾನರಿಂದ ಬಂದಿತು. ಸೆರೆಯಲ್ಲಿರುವವರೆಲ್ಲರೂ ತಮ್ಮ ಮಕ್ಕಳೇ, ಒಬ್ಬನಿಗೆ ವಿಶೇಷ ಕೃಪೆ ಬೇಡ ಎಂಬುದು ತಂದೆಯ ನಿಲುವಾಗಿತ್ತು. ಮಗ ಉಳಿದವರಂತೆಯೇ ಸೆರೆಯಲ್ಲಿದ್ದು ಮರಳಿದನು. ಈ ಕಥೆಯನ್ನು ನಾವು ಹೆಮ್ಮೆಯಿಂದ ಹೇಳುತ್ತೇವೆ. ಆದರೆ ಎಲ್ಲರೂ ನಮ್ಮ ಮಕ್ಕಳೆಂದ ಮೇಲೆ ಆ 54 ಮಂದಿ ಯಾರ ಮಕ್ಕಳು?

ನಮ್ಮ ಕಚೇರಿಯಲ್ಲಿ ಅಮಾನತು ಖಾತೆ ಎಂಬುದೊಂದಿದೆ. ಎಲ್ಲಿಗೆ ಸೇರಿದ್ದೆಂದು ತಿಳಿಯದ ಮೊತ್ತವನ್ನು ಅದರಲ್ಲಿರಿಸುತ್ತೇವೆ. ಅದನ್ನು ತೀರಿಸುವವರೆಗೆ ಲೆಕ್ಕಪರಿಶೋಧಕರು ನಮ್ಮನ್ನು ಬಿಡುವುದಿಲ್ಲ. ಹಣಕ್ಕಿರುವ ಈ ಶಿಸ್ತು ಮನುಷ್ಯರಿಗೆ ಬೇಡವೆ? ಆ ಯೋಧರಲ್ಲಿ ಯಾರಾದರೂ ಇಂದು ಬದುಕಿದ್ದರೆ ಎಪ್ಪತ್ತು ದಾಟಿದ ಮುದುಕರು. ಬದುಕಿಲ್ಲದಿದ್ದರೆ ಎಲ್ಲಿ, ಹೇಗೆ ಎಂಬುದನ್ನಾದರೂ ಮನೆಯವರಿಗೆ ತಿಳಿಸಬೇಕು. ಎರಡೂ ಸರ್ಕಾರಗಳು ತಮ್ಮ ಕಡತಗಳನ್ನು ಆ ಕುಟುಂಬಗಳ ಮುಂದೆ ತೆರೆಯಲಿ. ಹೊರನಾಡಿನ ನಮ್ಮ ಸಂಘಗಳು ತಮ್ಮ ತಮ್ಮ ಸಂಸತ್ಸದಸ್ಯರಿಗೆ ಇಷ್ಟನ್ನು ಬರೆಯಬಲ್ಲವು.

ಮಡಿದವನಿಗೆ ವೀರಗಲ್ಲು ನಿಲ್ಲಿಸಿದ ನಾಡು ನಮ್ಮದು. ಮರಳದವನ ವಿಷಯದಲ್ಲಿ ಮೌನವಾಗಿರುವುದು ಆ ನಾಡಿನವರಿಗೆ ತಕ್ಕುದಲ್ಲ.